ಎತ್ತಿದ ಕೈ

ಕೆಳಗೆ ಮೈದಾನದ ಬೇಲಿಗೆ ಒರಗಿಸಿಟ್ಟ ಸೈಕಲ್ಲುಗಳ ಸಾಲಿನಲ್ಲಿ ತನ್ನದು ಯಾವುದೆಂದು ಮಹಡಿಯ ಕಿಟಕಿಯಿಂದ ಹುಡುಕುತ್ತಿದ್ದವಳಿಗೆ, ತಾನು ಹುಡುಕುತ್ತಿರುವುದು ತನ್ನದನ್ನಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಭಾವನ ನೀಲಿ ಸೈಕಲ್ಲು ಅಲ್ಲಿರುವುದು ಸಾಧ್ಯವೇ ಇರಲಿಲ್ಲ. ಅದು ಅಕ್ಕನ ಮನೆಯ ಬಾಲ್ಕನಿಯಲ್ಲಿ ಹಳೆಯ ಹೊದಿಕೆಯೊಂದನ್ನು ಹೊದ್ದು, ಬೈಸಿಕೊಂಡ ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ, ಕಳೆದ ವರ್ಷದಿಂದ ನಿಂತಿತ್ತು. ಆದರೂ ಕಣ್ಣು ಪ್ರತಿಯೊಂದು ನೀಲಿಯ ಹತ್ತಿರವೂ ತಡೆದು, ಅಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದೆ ಸರಿಯುತ್ತಿತ್ತು. ಬೆನ್ನ ಹಿಂದೆ ಎಂಜಿನ್ ಮಡಿಸುವ ಕುರ್ಚಿಗಳನ್ನು ಬಿಡಿಸಿ ಸಾಲಾಗಿ ಇಡುತ್ತಿದ್ದ. ಅವಳ ಕೆಳಗೆ ಕೆಲಸ ಮಾಡುವ ಈ ಕಿರಿಯ ಕೋಚಿಗೆ ಆ ಹೆಸರು ಇಟ್ಟವರೂ ಭಾವನೇ. ಏರು ಬಂದಾಗ ಅವನ ಗಂಟಲಿನಿಂದ ಗುಂಯ್ ಎಂಬ ಸದ್ದು ಬರುತ್ತದೆಂದು. ಹೊಸದಾಗಿ ತರಬೇತಿಗೆ ಸೇರುವವರನ್ನು ಕೂರಿಸಿಕೊಂಡು, ಸೈಕಲ್ಲೆಂದರೆ ನಮಗೆ ಯಾಕೆ ಇಷ್ಟು ಹುಚ್ಚು ಎಂದು ಕೋಚುಗಳು ಮಾತಾಡುವ ದಿನ ಇದು. ಪ್ರತಿ ವರ್ಷ ಭಾವ ಮಾತಾಡುತ್ತಿದ್ದರು, ಅವಳು ಪಕ್ಕದಲ್ಲಿ ನಿಂತು ನಡುನಡುವೆ ಬಾಯಿ ಹಾಕುತ್ತಿದ್ದಳು. ಅವರು ಒಂದಂದರೆ ಇವಳು ಇನ್ನೊಂದು. ಇಬ್ಬರೂ ಸೇರಿ ಕಟ್ಟಿದ ಈ ಕೇಂದ್ರಕ್ಕೆ ಅರ್ಧ ಜನ ಸೇರುವುದೇ ಆ ಜಗಳ ನೋಡಿ ಎಂದು ಎಂಜಿನ್ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದ.

“ಮೊದಲು ನೀವಾ ಮೇಡಂ, ನಾನಾ?” ಎಂದು ಅವನು ಕೇಳಿದ.

“ನೀನೇ ಶುರು ಮಾಡು.”

“ನಾನು ಶುರು ಮಾಡಿದರೆ ಮುಗಿಸೋದು ಕಷ್ಟ. ಆಮೇಲೆ ಬೈಬೇಡಿ.”

“ಬೈಯಲ್ಲ.”

ಅವನು ಕೈಯಲ್ಲಿದ್ದ ಕುರ್ಚಿಯನ್ನು ಹಾಗೇ ಹಿಡಿದು ಒಂದು ಗಳಿಗೆ ಅವಳನ್ನೇ ನೋಡಿದ. ಬೈಯುವುದಿಲ್ಲ ಎಂದದ್ದೇ ಅವನಿಗೆ ಬೈದ ಹಾಗಾಯಿತೋ ಏನೋ. ಹಿಂದೆಲ್ಲ ಅವನು ಬ್ರೇಕು ಹಿಡಿಯುವ ರೀತಿಗೆ, ಚೈನಿಗೆ ಎಣ್ಣೆ ಹೆಚ್ಚಾದದ್ದಕ್ಕೆ, ಹೆಲ್ಮೆಟ್ಟಿನ ಪಟ್ಟಿ ಸಡಿಲ ಬಿಟ್ಟದ್ದಕ್ಕೆ ಅವಳು ಮೈದಾನದ ಆ ತುದಿಗೆ ಕೇಳುವಂತೆ ಬೈಯುತ್ತಿದ್ದಳು. ಅವಳ ಗಂಟಲೇ ಅಂಥದು. ಭಾವ ಅವಳನ್ನು ಕರೆಯುತ್ತಿದ್ದದ್ದೇ ‘ಸೀಟಿ’ ಎಂದು. ಬೇರೆ ಕೋಚುಗಳಿಗೆ ಕೊರಳಲ್ಲಿ ಸೀಟಿ ಬೇಕು, ನಮ್ಮ ನಾದಿನಿ ಹುಟ್ಟುತ್ತಲೇ ನುಂಗಿಕೊಂಡು ಬಂದಿದ್ದಾಳೆ ಎಂದು ಊಟಕ್ಕೆ ಕೂತಾಗ ಹೇಳಿ, ತಾವೇ ಮೊದಲು ನಕ್ಕು, ಅಕ್ಕನನ್ನೂ ನಗಿಸಲು ನೋಡುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಸೈಕಲ್ಲಿನ ಮಾತು ಬಂದರೆ ಅವಳು ತಟ್ಟೆ ಎತ್ತಿಕೊಂಡು ಏಳುವಳು.

ಕುರ್ಚಿಗಳು ತುಂಬಿದವು. ಎಂಜಿನ್‌ಗೆ ಮೈಕು ಬೇಕಿರಲಿಲ್ಲ. “ನೋಡಿ, ನನಗೆ ಓದು ಹತ್ತಲಿಲ್ಲ, ಸೇರಿದ ಕೆಲಸ ನಿಲ್ಲಲಿಲ್ಲ, ನೋಡಿದ ಹುಡುಗಿ ಒಪ್ಪಲಿಲ್ಲ. ಬೀಳಿಸಿದ ಮೇಲೂ ನನ್ನನ್ನ ಮತ್ತೆ ಹತ್ತಿಸ್ಕೊಂಡಿದ್ದು ಸೈಕಲ್ ಒಂದೇ” ಎಂದು ಶುರು ಮಾಡಿ ಎಲ್ಲರನ್ನೂ ನಗಿಸಿದ. “ತುಳಿಯೋಕೆ ಶುರು ಮಾಡಿದಾಗ ಮೊದಲು ಮಂಡಿ ನೋಯುತ್ತೆ. ಆಮೇಲೆ ಕೂರೋ ಜಾಗ ನೋಯುತ್ತೆ. ಆಮೇಲೆ ಒಂದು ದಿನ ತುಳೀದೇ ಇದ್ದರೆ ಮನಸ್ಸು ನೋಯುತ್ತೆ. ಅಲ್ಲಿಗೆ ನೀವು ನಮ್ಮವರಾದಿರಿ.” ಅವನ ಮುಖ ಬೆವರಿ ಹೊಳೆಯುತ್ತಿತ್ತು. ಇವನಿಗೆ ಇದೆಲ್ಲ ನಿಜ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ತನಗೂ ನಿಜವೇ ಆಗಿತ್ತು. ಬೆಳಗಿನ ರಸ್ತೆ, ಟಾರಿನ ಮೇಲೆ ಟೈರು ಎಳೆಯುವ ಸಣ್ಣ ಗೆರೆಯಂಥ ಸದ್ದು, ಮುಂದಿನವರ ಚಕ್ರದ ಮರೆಯಲ್ಲಿ ಗಾಳಿ ಇದ್ದಕ್ಕಿದ್ದಂತೆ ಕಡಿಮೆಯಾಗಿ ಮೈ ಹಗುರಾಗುವ ಆ ಕ್ಷಣ. ಹೀಗೆ ಅವಳು ನೆನಪಿನೊಳಗೆ ಕಾಲಿಡುತ್ತಿರುವಾಗಲೇ ಎಂಜಿನ್ ಅವಳ ಕಡೆ ಕೈ ತೋರಿಸಿ, “ನನಗೆ ಕಲಿಸಿದವರು ಇವರು. ಏರು ಹತ್ತಿಸೋದರಲ್ಲಿ ನಮ್ಮ ಮೇಡಂ ಎತ್ತಿದ ಕೈ” ಎಂದ. ಜನ ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತಳು, ನಿಂತಲ್ಲೇ ತಣ್ಣಗಾದಳು.

ಎತ್ತಿದ ಕೈ. ಭಾವನ ಎಡಗೈ. ಹ್ಯಾಂಡಲಿನಿಂದ ಬಿಟ್ಟು ಭುಜದ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ಅಗಲಿಸಿ, ಮತ್ತೆ ಇಳಿಸಿದ ಕೈ. ನೀರಿನ ಟ್ಯಾಂಕಿನ ಗುಡ್ಡದ ತುದಿಯಲ್ಲಿ, ಮೋಟುಗೋಡೆಗೆ ಹೊಟ್ಟೆ ಒತ್ತಿ ಬಗ್ಗಿ ನಿಂತು, ಕೈಯಲ್ಲಿ ಗಡಿಯಾರ ಹಿಡಿದು, ಕೆಳಗಿನ ತಿರುವಿನಲ್ಲಿ ಕಾಣಿಸಿಕೊಂಡ ಭಾವನಿಗೆ ಅವಳು ಕೂಗಿದ್ದಳು: ಬಿಡಬೇಡಿ ಭಾವ, ಒತ್ತಿ, ಇನ್ನೂ ಒತ್ತಿ, ಅಜ್ಜಿಯರು ಹತ್ತುತ್ತಾರೆ ಇದಕ್ಕಿಂತ ಚೆನ್ನಾಗಿ! ಅವರೇ ಕೇಳಿಕೊಂಡದ್ದು. ಈ ವಯಸ್ಸಿನಲ್ಲಿ ನನ್ನಿಂದ ಎಷ್ಟಾಗುತ್ತದೋ ನೋಡೇ ಬಿಡೋಣ, ನೀನು ಮಾತ್ರ ದಾಕ್ಷಿಣ್ಯ ಮಾಡಬೇಡ ಎಂದಿದ್ದರು. ಅವಳು ದಾಕ್ಷಿಣ್ಯ ಮಾಡಲಿಲ್ಲ. ಕೂಗು ಗುಡ್ಡಕ್ಕೆ ಬಡಿದು ಎರಡಾಗಿ ಇಳಿಯಿತು. ಆಗ ಆ ಕೈ ಮೇಲೆದ್ದಿತು. ಸಾಕು ಎಂದೋ, ಆಯಿತು ಎಂದೋ, ಸುಮ್ಮನಿರೇ ಎಂದೋ. ಅವಳು ಅದನ್ನು ತಮಾಷೆ ಎಂದುಕೊಂಡು ಇನ್ನೂ ಜೋರಾಗಿ ಕೂಗಿದಳು. ಸೈಕಲ್ಲು ತಿರುವಿನ ಬಂಡೆಯ ಮರೆಗೆ ಹೋಯಿತು. ಮರೆಯ ಈಚೆಗೆ ಬರಲಿಲ್ಲ. ಅವಳು ಕಾದಳು. ಕಾಯುತ್ತ ಸಿಟ್ಟಾದಳು. ಇಳಿದು ನಡೆದುಬರುತ್ತಿದ್ದಾರೆ, ನಾಚಿಕೆಯಿಲ್ಲದವರು, ಬರಲಿ ಮಾಡುತ್ತೇನೆ ಎಂದು ಹಂಗಿಸುವ ಮಾತುಗಳನ್ನು ಜೋಡಿಸಿಕೊಳ್ಳುತ್ತ, ನೆರಳಿಗೆ ಸರಿದು ನೀರು ಕುಡಿದಳು. ನೀರು ಕುಡಿದದ್ದನ್ನು ನೆನೆದರೆ ಈಗಲೂ ಅವಳಿಗೆ ಬಾಟಲಿಯ ಮುಚ್ಚಳ ತಿರುಗಿಸಲು ಆಗುವುದಿಲ್ಲ.

“ಮೇಡಂ?” ಎಂದ ಎಂಜಿನ್.

ಅವಳು ಮಾತಾಡಿದಳು. ಮೊದಲ ವಾಕ್ಯಗಳು ಯಾರದೋ ಬಾಯಿಂದ ಬಂದಂತೆ ಬಂದವು. ಕಾಲು ಪೆಡಲನ್ನು ಕೆಳಕ್ಕೆ ತಳ್ಳುವುದಷ್ಟೇ ತುಳಿಯುವುದಲ್ಲ, ಕೆಳಗಿಳಿದ ಮೇಲೆ ಹಿಂದಕ್ಕೆ ಎಳೆಯಬೇಕು, ಚಪ್ಪಲಿಗೆ ಅಂಟಿದ ಕೆಸರನ್ನು ಮೆಟ್ಟಿಲಿಗೆ ಒರೆಸುವ ಹಾಗೆ, ಎಂದು ಹೇಳಿ ಪಾದವನ್ನು ಎತ್ತಿ ತೋರಿಸಿದಳು. ತೋರಿಸುವಾಗ ಮೈಗೆ ಹಳೆಯ ಬಿಸಿ ಬಂತು. ಕಾಲಿನ ವೃತ್ತ ಪೂರ್ತಿಯಾದ ದಿನ ನಿಮಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ; ನಾನು ಎಷ್ಟೋ ಜನಕ್ಕೆ ಕಲಿಸಿದ್ದೇನೆ, ಆ ದಿನ ಅವರ ಮುಖ ಹೇಗಾಗುತ್ತದೆ ಗೊತ್ತೇ, ಕಳೆದುಹೋದ ಬೀಗದ ಕೈ ಜೇಬಿನಲ್ಲೇ ಸಿಕ್ಕವರ ಹಾಗೆ; ಆ ಮುಖ ನೋಡಲಿಕ್ಕೇ ನಾನು ಈ ಕೆಲಸ ಮಾಡುವುದು, ಬಹುಮಾನಕ್ಕಲ್ಲ, ಎಂದಾಗ ಸಭೆ ನಿಶ್ಶಬ್ದವಾಗಿ ಅವಳ ಕಡೆ ವಾಲಿತು. ಅಂಥ ಮುಖಗಳಲ್ಲಿ ಮೊದಲನೆಯದು ಎಂಜಿನ್‌ನದೇ ಎಂದು ಹೇಳಲು ಹೊರಟವಳ ಕಣ್ಣು ಕೊನೆಯ ಸಾಲಿಗೆ ಹೋಯಿತು. ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ಹಾಗೆ ಅಕ್ಕ ಕೂತಿದ್ದಳು.

ಅಕ್ಕ ಇಲ್ಲಿಗೆ ಯಾವತ್ತೂ ಬಂದವಳಲ್ಲ. ಈ ಒಂದು ವರ್ಷ ಇವಳೂ ಅಕ್ಕನ ಮನೆಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಹೋದಾಗಲೆಲ್ಲ ಬಾಲ್ಕನಿಯ ಕಡೆ ಬೆನ್ನು ಮಾಡಿ ಕೂತು, ಅಕ್ಕನ ಕ್ಲಿನಿಕ್ಕಿನ ಸುದ್ದಿ ಕೇಳಿ, ಚಹಾ ಆರುವ ಮೊದಲೇ ಎದ್ದುಬರುತ್ತಿದ್ದಳು. ಅಕ್ಕ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ನರ್ಸು. ಎಷ್ಟೋ ವರ್ಷಗಳಿಂದ ಜನರ ಬಾಯೊಳಗೆ ದೀಪ ಹಿಡಿದು ನಿಂತವಳು. ಆ ದಿನ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಕ್ಲಿನಿಕ್ಕಿನ ಬಟ್ಟೆಯಲ್ಲೇ ಓಡಿಬಂದ ಅಕ್ಕನಿಗೆ ಇವಳು, ಆರಾಮಾಗಿ ಮಾತಾಡ್ಕೊಂಡು ಹೋಗ್ತಾ ಇದ್ವಿ ಅಕ್ಕ, ಸುಮ್ಮನೆ ಪಕ್ಕಕ್ಕೆ ವಾಲಿದರು, ಎಂದಿದ್ದಳು. ಆ ಸುಳ್ಳು ಆಮೇಲೆ ಅವಳ ಕೈಲಿ ಉಳಿಯಲಿಲ್ಲ. ಬಂದವರೆಲ್ಲ ಅದನ್ನು ಎತ್ತಿಕೊಂಡರು. ಎಂಥ ಪುಣ್ಯದ ಸಾವು, ಇಷ್ಟವಾದದ್ದನ್ನು ಮಾಡುತ್ತ, ಆರಾಮಾಗಿ, ಮಾತಾಡುತ್ತ. ಮೆಟ್ಟಿಲು ಹತ್ತುವಾಗಲೂ ಆಗಬಹುದಾಗಿದ್ದ ಹೃದಯಾಘಾತ ಎಂದು ಡಾಕ್ಟರು ಅದಕ್ಕೊಂದು ಮೊಹರು ಒತ್ತಿದರು. ಎಲ್ಲರಿಗೂ ಸಮಾಧಾನವಾದ ಒಂದು ಮಾತನ್ನು ಹಿಂದಕ್ಕೆ ಕೇಳುವುದು ಹೇಗೆ?

ಮಾತು ನಿಂತುಹೋದದ್ದನ್ನು ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದ ಎಂಜಿನ್. ಔಷಧದ ಅಂಗಡಿಯವರು ಎದ್ದರು. ಭಾವನ ಕಾಲದಿಂದಲೂ ಬರುತ್ತಿದ್ದ ಬೋಳುತಲೆಯ ಹಸನ್ಮುಖಿ. ಹೊಸಬರಿಗೆ ಧೈರ್ಯ ಹೇಳಲೆಂದು ಅವಳೇ ಕರೆಸಿದ್ದಳು. “ಮೇಡಂ, ಗುಡ್ಡ ಯಾವಾಗ? ವರ್ಷವಾಯ್ತು ಕಾಲುವೆ ದಂಡೆ ಮೇಲೆ ಹೋಗಿ ಬರೋದೇ ಆಯ್ತು. ಅಲ್ಲಿನ ಬಾತುಕೋಳಿಗಳೆಲ್ಲ ಈಗ ನಮ್ಮನ್ನ ನೋಡಿ ತಲೆ ಆಡಿಸ್ತವೆ.” ಎಲ್ಲರೂ ನಕ್ಕರು. ಆ ನಗುವಿನ ಉಮೇದಿನಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. “ಹೊಸಬರಿಗೆ ಗೊತ್ತಿಲ್ಲ, ಹಿಂದೆ ಇವರು ಒಂದು ಸಲ ಕೂಗಿದರೆ ಸಾಕು, ನಮ್ಮ ಕಾಲು ನಮ್ಮ ಮಾತು ಕೇಳ್ತಿರಲಿಲ್ಲ, ತಾವೇ ತಿರುಗೋವು. ಈಗ ಯಾಕೆ ಮೇಡಂ ಕೂಗಲ್ಲ? ನಮ್ಮ ಮೇಲೆ ಆಸೆ ಬಿಟ್ಟಿರಾ?”

“ವಯಸ್ಸಾಯ್ತಲ್ಲ” ಎಂದಳು ಅವಳು. ಯಾರೂ ನಗಲಿಲ್ಲ. ತನ್ನ ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಮುಂದಿನ ಸಾಲಿನವನೊಬ್ಬ ಕಿವಿಯ ಹಿಂದೆ ಅಂಗೈ ಹಿಡಿದ. ಅವಳು ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಬೇಕಾಯಿತು. ಹೇಳುವಾಗ ಕೊನೆಯ ಸಾಲನ್ನು ನೋಡಲಿಲ್ಲ.

ಮೆಟ್ಟಿಲ ಬುಡದಲ್ಲಿ ಅಕ್ಕ ಕಾಯುತ್ತಿದ್ದಳು. ಜನ ಸೈಕಲ್ಲುಗಳನ್ನು ಬಿಡಿಸಿಕೊಂಡು ಹೋದರು. ಅಕ್ಕನ ಕಾಲಲ್ಲಿ ಬಿಳಿಯ ಬಟ್ಟೆಯ ಷೂ ಇದ್ದದ್ದನ್ನು ಇವಳು ಆಗ ಗಮನಿಸಿದಳು. ಅಂಗಡಿಯ ಬಿಗಿ ಇನ್ನೂ ಹೋಗಿರದ ಹೊಸ ಷೂ. ಜೀವಮಾನವಿಡೀ ಚಪ್ಪಲಿ ಬಿಟ್ಟು ಬೇರೇನೂ ಹಾಕದವಳು.

“ಚೆನ್ನಾಗಿ ಮಾತಾಡಿದೆ” ಎಂದಳು ಅಕ್ಕ. “ಕೆಸರು ಒರೆಸೋದು ಅಂದೆಯಲ್ಲ, ಅದು ಅವರ ಮಾತು ಅಲ್ವಾ?”

“ಹೂಂ. ಅವರದೇ.”

“ಮನೇಲೂ ಹೇಳೋರು. ಮೆಟ್ಟಿಲಿಗೆ ಒರೆಸಬೇಡಿ, ನಾನು ತೊಳೆದಿದೀನಿ ಅಂದಿದ್ದೆ.” ಆಮೇಲೆ, “ಆ ಜೋಡಿ ಸೈಕಲ್ ಇದೆಯಾ ಇನ್ನೂ?” ಎಂದು ಕೇಳಿದಳು.

ಇತ್ತು. ಉಗ್ರಾಣದಲ್ಲಿ, ಒಡೆದ ಹೆಲ್ಮೆಟ್ಟುಗಳ ರಾಶಿಯ ಹಿಂದೆ. ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಉದ್ದನೆಯ ಸೈಕಲ್ಲು. ಯಾರೋ ಮಾರಿದ್ದನ್ನು ಭಾವ ಕೊಂಡು, ತಾವೇ ಕೂತು ಬಣ್ಣ ಬಳಿದು, ಅಕ್ಕನ ಹುಟ್ಟಿದ ದಿನ ಮನೆಯ ಮುಂದೆ ತಂದು ನಿಲ್ಲಿಸಿ ಗಂಟೆ ಬಾರಿಸಿದ್ದರು. ಅಕ್ಕ ಬಾಗಿಲಲ್ಲೇ ನಿಂತು, “ದಿನವೆಲ್ಲ ನೋಡೋದು ಸಾಲದು ಅಂತ ಇನ್ನು ನಿಮ್ಮ ಬೆನ್ನು ಬೇರೆ ನೋಡ್ಕೊಂಡು ಕೂರಬೇಕಾ?” ಎಂದು ಒಳಗೆ ಹೋದಳು. ಆಮೇಲೆ ಅದು ಕೇಂದ್ರಕ್ಕೆ ಬಂತು. ಕಣ್ಣು ಕಾಣದವರನ್ನು ಹಿಂದೆ ಕೂರಿಸಿಕೊಂಡು ಭಾವ ಸುತ್ತಿಸುತ್ತಿದ್ದರು. ಈಗ ಅಕ್ಕ ಅದರ ಹಿಂದಿನ ಸೀಟಿನ ಧೂಳನ್ನು ಕೈಚೀಲದ ಮೂಲೆಯಿಂದ ಒರೆಸುತ್ತಿದ್ದಳು. ಎಂಜಿನ್ ಬಂದು ಟೈರುಗಳಿಗೆ ಗಾಳಿ ತುಂಬಿದ. ಏನೂ ಕೇಳಲಿಲ್ಲ, ಅಕ್ಕನ ಅಳತೆಗೆ ಸೀಟು ಇಳಿಸಿಕೊಟ್ಟು, ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಬಿಗಿದು, ಕೈಚೀಲ ಇಸಿದುಕೊಂಡು ಒಳಗೆ ಹೋದ.

“ಎಲ್ಲಿಗೆ ಅಕ್ಕ?”

“ಗುಡ್ಡಕ್ಕೆ.”

“ನಿನ್ನಿಂದ ಆಗಲ್ಲ. ಮೊದಲ ದಿನವೇ ಏರು—”

“ನೀನಿದೀಯಲ್ಲ ಮುಂದೆ, ಎತ್ತಿದ ಕೈ” ಎಂದಳು ಅಕ್ಕ. ಆ ಮಾತಿನಲ್ಲಿ ಕುಹಕವಿತ್ತೇ ಎಂದು ಇವಳು ಮುಖ ನೋಡಿದಳು. ಹೆಲ್ಮೆಟ್ಟಿನೊಳಗೆ ಅಕ್ಕನ ಮುಖ ಬೇರೆ ಯಾರದೋ ಹಾಗೆ ಕಿರಿದಾಗಿತ್ತು.

ಹಿಂದಿನ ಸೀಟಿನವರಿಗೆ ಬ್ರೇಕು ಇರುವುದಿಲ್ಲ, ಹ್ಯಾಂಡಲು ಇದ್ದರೂ ತಿರುಗುವುದಿಲ್ಲ, ಕಾಣುವುದು ಮುಂದಿನವರ ಬೆನ್ನು ಮಾತ್ರ. ಅದಕ್ಕೇ ಮುಂದಿನವರು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿರಬೇಕು. ಗುಂಡಿ, ತಿರುವು, ನಿಲ್ಲಿಸ್ತೀನಿ, ಈಗ ತುಳಿ, ಈಗ ಬಿಡು. ಬೀದಿಯಲ್ಲಿ ಅವಳು ಹೇಳುತ್ತ ಹೋದಳು. ಎರಡು ಸಲ ವಾಲಾಡಿ, ಒಂದು ಸಲ ಹಾಲಿನ ಅಂಗಡಿಯ ಮುಂದೆ ಬೀಳುವಂತಾಗಿ, ಆಮೇಲೆ ಸೈಕಲ್ಲು ನೆಟ್ಟಗಾಯಿತು. ಇದರಲ್ಲಿ ಇಬ್ಬರ ಪೆಡಲಿಗೂ ನಡುವೆ ಒಂದೇ ಚೈನು. ಒಬ್ಬರ ಕಾಲು ತಡೆದರೆ ಇನ್ನೊಬ್ಬರ ಕಾಲಿಗೆ ತಿಳಿಯುತ್ತದೆ. ಅಕ್ಕನ ಕಾಲುಗಳು ಮೊದಮೊದಲು ಸುಮ್ಮನೆ ಹೊತ್ತುಕೊಂಡು ಹೋಗಲ್ಪಡುವ ಸಾಮಾನಿನ ಹಾಗಿದ್ದವು. ಬೀದಿ ಮುಗಿದು, ಕಲ್ಲುಗಣಿಯ ಲಾರಿಗಳು ನಿಲ್ಲುವ ಜಾಗ ದಾಟುವಷ್ಟರಲ್ಲಿ, ಅಂಗಾಲಿಗೆ ಒಂದು ಹೊಸ ಬಲ ಬಂದು ಸೇರಿದ್ದು ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ತಟ್ಟೆ ಎತ್ತಿಕೊಂಡು ಏಳುತ್ತಿದ್ದವಳು ಊಟದ ಮೇಜಿನ ಮಾತನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡೇ ಇದ್ದಳೇ? ಕೆಳಕ್ಕೆ ಒತ್ತಿ, ಹಿಂದಕ್ಕೆ ಎಳೆದು. ವೃತ್ತ ಪೂರ್ತಿಯಾಗುತ್ತಿತ್ತು.

ಗುಡ್ಡದ ಬುಡದಲ್ಲಿ ಅವಳು ಗೇರು ಇಳಿಸಿದಳು. ರಸ್ತೆ ಎದ್ದು ನಿಂತಿತು. ಆ ದಿನದ ನಂತರ ಈ ರಸ್ತೆಗೆ ಬಂದಿರಲಿಲ್ಲ. ಕಾಲುವೆಯ ದಂಡೆಯ ಸಮತಟ್ಟಿನಲ್ಲಿ ಹೋಗುವಾಗಲೂ ಎಡ ಭುಜದ ಹಿಂದೆ ಒಂದು ಉಸಿರು ಕೇಳುವುದು ಮಾತ್ರ ತಪ್ಪಿರಲಿಲ್ಲ. ಏರು ಹತ್ತುವವರ ಉಸಿರು, ಸಮತಟ್ಟಿನಲ್ಲಿ. ತಿರುಗಿ ನೋಡಿದರೆ ಶಿಷ್ಯರು ಎಷ್ಟೋ ಹಿಂದೆ ಇರುತ್ತಿದ್ದರು. ಈಗ ನಿಜವಾಗಿಯೂ ಬೆನ್ನಿಗೆ ತಾಗುವಷ್ಟು ಹತ್ತಿರ ಒಂದು ಉಸಿರು ಹರಿಯುತ್ತ, ತಡೆಯುತ್ತ, ಮತ್ತೆ ಹರಿಯುತ್ತ ಬರುತ್ತಿತ್ತು. ಅದು ಅಕ್ಕನದೆಂದು ತಿಳಿದಿದ್ದರೂ ಕುತ್ತಿಗೆಯ ಕೂದಲು ನೆಟ್ಟಗಾದವು. ಅಕ್ಕನ ಹೃದಯ ಹೇಗಿದೆ? ಯಾರು ನೋಡಿದ್ದಾರೆ? ಎಂಥ ಹುಚ್ಚಿಗೆ ಒಪ್ಪಿದೆ ನಾನು?

“ಸಾಕಾ ಅಕ್ಕ? ಇಳಿಯೋಣವಾ?”

“ನೀನು ಕೂಗಿದ್ದು ನನಗೆ ಗೊತ್ತು” ಎಂದಳು ಅಕ್ಕ ಹಿಂದಿನಿಂದ.

ಚಕ್ರ ಒಂದು ಕಲ್ಲಿನ ಮೇಲೆ ಹಾರಿತು. ಕಲ್ಲೆಂದು ಅವಳು ಹೇಳಿರಲಿಲ್ಲ.

“ಯಾರು... ಯಾರು ಹೇಳಿದರು?”

“ಯಾರು ಹೇಳಬೇಕು? ಆಸ್ಪತ್ರೇಲಿ ಆರಾಮಾಗಿ ಮಾತಾಡ್ಕೊಂಡು ಹೋಗ್ತಾ ಇದ್ವಿ ಅಂದೆಯಲ್ಲ, ಆಗ ನಿನಗೆ ಸ್ವರವೇ ಇರಲಿಲ್ಲ. ಬರೀ ಗಾಳಿ ಬರ್ತಿತ್ತು.” ಅಕ್ಕ ಉಸಿರಿಗಾಗಿ ನಿಂತಳು, ಕಾಲು ನಿಲ್ಲಲಿಲ್ಲ. “ದಿನಾ ನಾನು ನೋಡೋದೇ ಗಂಟಲು. ಅಳು ಬಂದು ಕಟ್ಟಿದ ಗಂಟಲು ಬೇರೆ. ಕೂಗಿ ಹರಿದ ಗಂಟಲು ಬೇರೆ. ನಿನ್ನನ್ನ ನೋಡ್ತಿದ್ದ ಹಾಗೇ ಅಂದ್ಕೊಂಡೆ, ಇವಳು ಇವತ್ತು ಏನೋ ಕೂಗಿದಾಳೆ ಅಂತ.”

ಹಾಗಾದರೆ ಒಂದು ವರ್ಷ. ಬಾಲ್ಕನಿಗೆ ಬೆನ್ನು ಮಾಡಿ ಕೂತು ಅವಳು ಚಹಾ ಕುಡಿದ ಅಷ್ಟೂ ಸಲ, ಬಂದವರು ಪುಣ್ಯದ ಸಾವು ಎಂದಾಗ ತಾನು ತಲೆ ತಗ್ಗಿಸಿದ ಅಷ್ಟೂ ಸಲ, ಅಕ್ಕ ಎದುರಿಗೆ ಕೂತು ಅವಳ ಗಂಟಲನ್ನೇ ನೋಡುತ್ತಿದ್ದಳು. ಮುಚ್ಚಿಟ್ಟೆನೆಂದುಕೊಂಡಿದ್ದ ಬಾಯೊಳಗೆ ದೀಪ ಹಿಡಿದು ನೋಡಿದ್ದಳು, ಮುಚ್ಚು ಎಂದು ಹೇಳದೆ ಬಿಟ್ಟಿದ್ದಳು. ನಾಚಿಕೆ ಬೆವರಿನ ಜೊತೆ ಕಣ್ಣಿಗೆ ಇಳಿಯಿತು. ಇಳಿದು ಓಡಿಹೋಗೋಣವೆಂದರೆ ಈ ಹಾಳು ಸೈಕಲ್ಲಿನಿಂದ ಒಬ್ಬರೇ ಇಳಿಯಲು ಬರುವುದಿಲ್ಲ.

“ಯಾಕೆ ಕೇಳಲಿಲ್ಲ ನನ್ನನ್ನ?”

“ನೀನು ಯಾಕೆ ಹೇಳಲಿಲ್ಲ?”

ಎಡಕ್ಕೆ ಕಣಿವೆ ತೆರೆದುಕೊಳ್ಳುತ್ತ, ಕೆಳಗಿನ ಮನೆಗಳ ಚಾವಣಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತ ಬಂದವು.

“ಏನಂದರು ಕೊನೆಗೆ?” ಎಂದಳು ಅಕ್ಕ. ಇದನ್ನು ಕೇಳಲಿಕ್ಕೇ ಷೂ ಕೊಂಡಿದ್ದಳೆಂದು ಆಗ ಅವಳಿಗೆ ಅರ್ಥವಾಯಿತು.

“ಏನೂ ಅನ್ನಲಿಲ್ಲ. ಕೈ ಎತ್ತಿದರು.”

“ಹೇಗೆ?”

“ಹೇಗೆ ಅಂದರೆ... ಸುಮ್ಮನೆ ಎತ್ತಿದರು ಅಕ್ಕ.”

“ತೋರಿಸು.”

ಅವಳು ಎಡಗೈಯನ್ನು ಹ್ಯಾಂಡಲಿನಿಂದ ಬಿಟ್ಟಳು. ಉದ್ದನೆಯ ಸೈಕಲ್ಲು ತಕ್ಷಣ ಕಣಿವೆಯ ಕಡೆಗೆ ವಾಲಿತು. ಬಲಗೈ ಬಿಗಿಹಿಡಿದು, ಭುಜದ ಮಟ್ಟಕ್ಕೆ ಎತ್ತಿ, ಬೆರಳು ಅಗಲಿಸಿದಳು. ಈ ವರ್ಷದಲ್ಲಿ ಸಾವಿರ ಸಲ ಕಂಡಿದ್ದ ಆ ಕೈ ಈಗ ತನ್ನದೇ ತೋಳಿನ ತುದಿಯಲ್ಲಿ ಗಾಳಿಗೆ ತೆರೆದು ನಿಂತದ್ದನ್ನು ಅವಳು ನೋಡಿದಳು. ಇಳಿಸಿದಳು. ಹಿಂದಿನ ಸೀಟಿನಿಂದ ಬಂದದ್ದು ಮಾತಲ್ಲ, ಉಸಿರಿನ ನಡುವೆ ಸಿಕ್ಕಿಕೊಂಡ ಒಂದು ಚೂರು ನಗೆ, ಅಥವಾ ನಗೆಯ ಹಾಗೆ ಕೇಳಿದ್ದು.

“ಮನೇಲೂ ಅದೇ ಕೈ. ಊಟಕ್ಕೆ ಕರೆದರೆ ಆ ಕೈ, ಬೇಕಾ ಅಂದರೆ ಆ ಕೈ, ಬೇಡವಾ ಅಂದರೂ ಅದೇ. ಮದುವೆಯಾದಾಗಿಂದ ನೋಡಿದೀನಿ. ಬಂದೆ ಅಂತಲೂ ಆಗ್ತಿತ್ತು, ಸಾಕು ಅಂತಲೂ ಆಗ್ತಿತ್ತು. ನನಗೂ ಕೊನೆವರೆಗೆ ಅರ್ಥ ಆಗಲಿಲ್ಲ ಕಣೇ.”

ಅವಳು ತುಳಿದಳು. ಅಕ್ಕನಿಗೆ ತಿಳಿದಿರುತ್ತದೆ, ಹೆಂಡತಿಯಲ್ಲವೇ, ಒಂದು ದಿನ ಹೇಳಿದರೆ ಇದೇ ಅರ್ಥ ಎಂದು ಬಿಡಿಸಿ ಹೇಳಿಬಿಡುತ್ತಾಳೆ, ಶಿಕ್ಷೆಯಾದರೂ ಆಗಲಿ ಮುಗಿಯುತ್ತದೆ ಎಂಬ ಒಂದು ಆಸೆ ತನ್ನೊಳಗೆ ಇತ್ತೆಂದು ಅದು ಹೋದ ಮೇಲೆ ಗೊತ್ತಾಯಿತು. ಆ ಕೈ ಈಗ ಯಾರಿಗೂ ಸೇರದೆ ಹಾಗೇ ಎದ್ದು ನಿಂತಿರುತ್ತದೆ, ಇಬ್ಬರ ನಡುವೆ.

ತಿರುವು ಬಂತು. ಬಂಡೆ ಬಲಕ್ಕೆ, ಕಪ್ಪಗೆ, ಎಂದಿನಂತೆ. ಅವಳು ಎದುರಿನ ರಸ್ತೆಯ ಮೇಲೇ ಕಣ್ಣು ನೆಟ್ಟಳು. ಏನೂ ಹೇಳಬಾರದು, ಅಕ್ಕನಿಗೆ ಜಾಗ ಗೊತ್ತಿಲ್ಲ, ಹಾಗೇ ದಾಟಿಬಿಡಬೇಕು ಎಂದುಕೊಂಡಳು. ಟಾರಿನ ಅಂಚಿನಲ್ಲಿ ಹುಲ್ಲು ಬೆಳೆದಿತ್ತು. ಅಲ್ಲಿ ಅವರು ಪಕ್ಕಕ್ಕೆ ಮಲಗಿದ್ದರು, ಒಂದು ಕಾಲು ಇನ್ನೂ ಪೆಡಲಿಗೆ ಸಿಕ್ಕಿಕೊಂಡು, ಹಿಂದಿನ ಚಕ್ರ ನಿಧಾನಕ್ಕೆ ತಿರುಗುತ್ತಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಅಷ್ಟು ಹೊತ್ತಾದ ಮೇಲೆ ತಿರುಗುತ್ತಿರುವುದು ಸಾಧ್ಯವಿಲ್ಲ. ಆದರೆ ತಿರುಗುತ್ತಿತ್ತು. ಅವಳ ಕಾಲು ಒಂದು ಕ್ಷಣ, ಅರ್ಧ ಕ್ಷಣ, ತಡೆಯಿತು.

“ಇಲ್ಲೇನಾ?” ಎಂದಳು ಅಕ್ಕ.

ಚೈನು ಹೇಳಿಬಿಟ್ಟಿತ್ತು. ಅವಳು ಬ್ರೇಕಿನ ಮೇಲೆ ಬೆರಳಿಟ್ಟಳು.

“ನಿಲ್ಲಿಸಬೇಡ” ಎಂದಳು ಅಕ್ಕ. “ನೀನು ಎಲ್ಲಿ ನಿಂತಿದ್ದೆಯೋ ಅಲ್ಲಿಗೆ ಕರ್ಕೊಂಡು ಹೋಗು.”

ಅಲ್ಲಿಂದ ಮೇಲಕ್ಕೆ ತುಳಿದದ್ದು ಹೆಚ್ಚು ಅಕ್ಕನೇ. ಅಷ್ಟು ಬಲ ಆ ಕಾಲುಗಳಲ್ಲಿ ಎಲ್ಲಿತ್ತೋ. ಇವಳ ಪೆಡಲು ಇವಳ ಕಾಲನ್ನು ಎತ್ತೆತ್ತಿ ಒಯ್ಯುತ್ತಿತ್ತು. ಟ್ಯಾಂಕಿನ ಬುಡದ ಸಮತಟ್ಟು ಬಂದು, ಇಳಿದು, ಸೈಕಲ್ಲನ್ನು ಮೋಟುಗೋಡೆಗೆ ಒರಗಿಸಿದಾಗ ಅಕ್ಕನ ಮುಖ ಸುಟ್ಟಂತೆ ಕೆಂಪಾಗಿತ್ತು. ನೀರು ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದಳು. “ಎಲ್ಲಿ?” ಎಂದಳು. ಇವಳು ತೋರಿಸಿದಳು. ಗೋಡೆಯ ಗಾರೆ ಕಿತ್ತುಹೋದ ಆ ಮೂಲೆ. ಅಕ್ಕ ಹೋಗಿ ಅಲ್ಲೇ ನಿಂತಳು. ಹೊಟ್ಟೆಯನ್ನು ಗೋಡೆಗೆ ಒತ್ತಿ, ಬಗ್ಗಿ, ಕೆಳಗೆ ನೋಡಿದಳು. ಮೊದಲು ಈ ಕಡೆ, ಆಮೇಲೆ ಕಾಲುಬೆರಳ ಮೇಲೆ ನಿಂತು ಇನ್ನಷ್ಟು ಬಗ್ಗಿ ಆ ಕಡೆ. ಬೀಳುತ್ತಾಳೆಂದು ಇವಳು ಅಂಗಿಯ ಹಿಂಭಾಗವನ್ನು ಹಿಡಿದುಕೊಂಡಳು. ಅಕ್ಕ ಎಷ್ಟೋ ಹೊತ್ತು ಹಾಗೇ ನೋಡಿದಳು. ಕೆಳಗಿನ ತಿರುವು ಕಾಣುತ್ತಿತ್ತು. ಬಂಡೆ ಕಾಣುತ್ತಿತ್ತು. ಬಂಡೆಯ ಈಚೆಗೆ ರಸ್ತೆ ಮತ್ತೆ ಎಲ್ಲಿ ಹೊರಬರುತ್ತದೋ ಅದೂ ಕಾಣುತ್ತಿತ್ತು.

“ಆ ಜಾಗ ಇಲ್ಲಿಂದ ಕಾಣಲ್ಲ” ಎಂದಳು ಅಕ್ಕ.

ಕ್ಷಮಿಸಿದ ದನಿಯಲ್ಲ ಅದು, ತಪ್ಪು ಹೊರಿಸಿದ ದನಿಯೂ ಅಲ್ಲ. ಬಾಯೊಳಗೆ ದೀಪ ಹಿಡಿದು ನೋಡಿ ಡಾಕ್ಟರಿಗೆ ಹೇಳುವ ದನಿ.

“ಕಾಣಲ್ಲ” ಎಂದಳು ಇವಳೂ. ಆಮೇಲೆ, ಯಾರೂ ಕೇಳದಿದ್ದರೂ, “ನಾನು ನೀರು ಕುಡೀತಾ ಇದ್ದೆ ಅಕ್ಕ” ಎಂದಳು.

ಅಕ್ಕ ತಿರುಗಲಿಲ್ಲ. ಗೋಡೆಯ ಮೇಲಿನ ಒಂದು ಸಡಿಲ ಗಾರೆಯ ಚೂರನ್ನು ಉಗುರಿನಿಂದ ಕಿತ್ತು, ಅಂಗೈಯಲ್ಲಿ ಹೊರಳಿಸಿ, ಅಲ್ಲೇ ಇಟ್ಟಳು. “ನಾನು ಆ ಹೊತ್ತಿಗೆ ಯಾರೋ ಒಬ್ಬಳ ಕಿವಿ ತೊಳೀತಾ ಇದ್ದೆ” ಎಂದಳು. “ತಮಾಷೆಯ ಹೆಂಗಸು. ತುಂಬಾ ನಕ್ಕಿದ್ವಿ.”

ಟ್ಯಾಂಕಿನ ಕೊಳವೆಯೊಳಗೆ ನೀರು ಏರುತ್ತಿದ್ದ ಸದ್ದು ಕೇಳುತ್ತಿತ್ತು. ಅಕ್ಕನ ಅಂಗಿ ಇನ್ನೂ ತನ್ನ ಮುಷ್ಟಿಯಲ್ಲಿದೆಯೆಂದು ಗೊತ್ತಾಗಿ ಅವಳು ಬಿಟ್ಟಳು. ಬಟ್ಟೆಯ ಮೇಲೆ ಮುಷ್ಟಿಯ ಸುಕ್ಕು ಉಳಿಯಿತು.

ಇಳಿಜಾರಿಗೆ ಸೈಕಲ್ಲು ತಿರುಗಿಸಿದಾಗ ಅಕ್ಕ ಸೀಟಿನ ಮೇಲೆ ಕೂತು ಎರಡು ಕೈಯಿಂದಲೂ ಹ್ಯಾಂಡಲು ಹಿಡಿದುಕೊಂಡಿದ್ದಳು. ಮೊದಲ ಸಲ ಅವಳ ದನಿಯಲ್ಲಿ ಹೆದರಿಕೆ ಇತ್ತು. “ಇಳಿಯುವಾಗ ಗಾಳಿ ಜಾಸ್ತಿ ಇರುತ್ತೇನೇ?”

“ಇರುತ್ತೆ.”

“ಹಾಗಾದರೆ ಬರುವಾಗ ಹೇಳಿದ ಹಾಗೆ ಪಿಸುಪಿಸು ಅಂದರೆ ನನಗೆ ಕೇಳಲ್ಲ. ನನಗೆ ಮುಂದೆ ಏನೂ ಕಾಣಲ್ಲ, ನೋಡು.”

ಅವಳು ಬ್ರೇಕು ಬಿಟ್ಟಳು. ಸೈಕಲ್ಲು ಮೊದಲು ಹಿಂಜರಿದು, ಆಮೇಲೆ ಎರಡು ಮೈಗಳ ಭಾರಕ್ಕೆ ಒಮ್ಮೆಲೇ ಹರಿಯತೊಡಗಿತು. ಗಾಳಿ ಕಿವಿಗಳನ್ನು ಮುಚ್ಚಿತು. ಬಂಡೆ ಈಗ ಎಡಕ್ಕೆ ಬಂದು ದೊಡ್ಡದಾಗುತ್ತಿತ್ತು. ಬಾಯಿ ತೆರೆದರೆ 'ಒತ್ತಿ' ಎಂಬುದೇ ಹೊರಬೀಳುತ್ತದೆ ಎಂದು ಅವಳು ಹಲ್ಲು ಕಚ್ಚಿದಳು. ಹಿಂದಿನ ಮೈ ಏನೂ ತಿಳಿಯದೆ ನೆಟ್ಟಗೆ ಕೂತಿತ್ತು, ಹಾಗೇ ಕೂತರೆ ಇಬ್ಬರೂ ನೇರ ಕಣಿವೆಗೆ.

“ತಿರುವು!” ಎಂದು ಅವಳು ಕೂಗಿದಳು. “ಎಡಕ್ಕೆ ವಾಲು ಅಕ್ಕ, ನನ್ನ ಜೊತೆ ವಾಲು!”

ಒಡೆದ, ತುಕ್ಕು ಹಿಡಿದ ಸದ್ದು. ಗುಡ್ಡಕ್ಕೆ ಬಡಿದು ಅದು ಎರಡಾಗಿ ವಾಪಸು ಬರುವಷ್ಟರಲ್ಲಿ ಅಕ್ಕನ ಭಾರ ಎಡಕ್ಕೆ ಬಂದಿತ್ತು. ಸೈಕಲ್ಲು ಬಂಡೆಯನ್ನು ಸುತ್ತಿಕೊಂಡು, ಹುಲ್ಲು ಬೆಳೆದ ಅಂಚನ್ನು ದಾಟಿ, ಕೆಳಗಿನ ನೇರ ರಸ್ತೆಗೆ ಇಳಿಯಿತು. “ಗುಂಡಿ!” ಎಂದು ಅವಳು ಕೂಗಿದಳು. “ಮುಂದೆ ಲಾರಿ! ಗಟ್ಟಿಯಾಗಿ ಹಿಡ್ಕೋ!” ಹಿಂದಿನಿಂದ ಅಕ್ಕ ಏನೋ ಹೇಳಿದಳು, ಅಥವಾ ಅತ್ತಳು. ಗಾಳಿಯಲ್ಲಿ ಕೇಳಿಸಲಿಲ್ಲ. ಕೇಳಿಸದಿದ್ದರೂ ಅವಳು ಕಂಡದ್ದನ್ನೆಲ್ಲ ಕೂಗಿ ಹೇಳುತ್ತಲೇ ಇದ್ದಳು.